ಅಂಚೆಯ ಯಾವ ಖಾನೆಗೆ ನಿಮ್ಮ ಪತ್ರಿಕೆ?

1729ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಫಿಲಡೆಲ್ಫಿಯಾದಲ್ಲಿ 'ಪೆನ್ಸಿಲ್ವೇನಿಯಾ ಗೆಜೆಟ್' ಪತ್ರಿಕೆಯನ್ನು ಕೈಗೆತ್ತಿಕೊಂಡ. ಬರೆಯಲು ಬರುತ್ತಿತ್ತು, ಅಚ್ಚು ಹಾಕಲೂ ಬರುತ್ತಿತ್ತು. ತೊಡಕಿದ್ದದ್ದು ಪತ್ರಿಕೆಯನ್ನು ಊರಾಚೆ ಕಳಿಸುವುದರಲ್ಲಿ. ಆ ಊರಿನ ಪೋಸ್ಟ್‌ಮಾಸ್ಟರ್ ಆಂಡ್ರ್ಯೂ ಬ್ರಾಡ್‌ಫರ್ಡ್ ಕೂಡ ಒಂದು ಪತ್ರಿಕೆ ನಡೆಸುತ್ತಿದ್ದ. ಕುದುರೆ ಮೇಲೆ ಟಪಾಲು ಒಯ್ಯುವ ಸವಾರರು ಫ್ರಾಂಕ್ಲಿನ್‌ನ ಪತ್ರಿಕೆಯನ್ನು ಮುಟ್ಟಕೂಡದು ಅಂತ ಅವನು ಅಪ್ಪಣೆ ಮಾಡಿದ. ಫ್ರಾಂಕ್ಲಿನ್ ಸವಾರರಿಗೆ ಗುಟ್ಟಾಗಿ ಲಂಚ ಕೊಟ್ಟು ಕಳಿಸುತ್ತಿದ್ದ. ಇದನ್ನು ಅವನೇ ಆತ್ಮಕಥೆಯಲ್ಲಿ ಸಂಕೋಚವಿಲ್ಲದೆ ಬರೆದುಕೊಂಡಿದ್ದಾನೆ. 1737ರಲ್ಲಿ ಆ ಪೋಸ್ಟ್‌ಮಾಸ್ಟರ್ ಹುದ್ದೆ ಫ್ರಾಂಕ್ಲಿನ್‌ಗೇ ಸಿಕ್ಕಿತು. ಸಂಬಳ ಅಷ್ಟಕ್ಕಷ್ಟೆ. ಆದರೆ ಅವನ ಪತ್ರಿಕೆಯ ಪ್ರತಿಗಳೂ ಜಾಹೀರಾತುಗಳೂ ಹೆಚ್ಚಿದವು, ಬ್ರಾಡ್‌ಫರ್ಡ್‌ನ ಪತ್ರಿಕೆ ಸೊರಗಿತು.

ಇವತ್ತು ಯಾವ ಅಂಚೆ ಇಲಾಖೆಯೂ ಇಷ್ಟು ನೇರವಾಗಿ 'ನಿನ್ನದನ್ನು ಒಯ್ಯುವುದಿಲ್ಲ' ಅನ್ನುವುದಿಲ್ಲ. ಹಾಗೆ ಹೇಳುವ ಅಗತ್ಯವೂ ಇಲ್ಲ. ದರಪಟ್ಟಿಯಲ್ಲಿ ಒಂದು ಸಾಲು ತಿದ್ದಿದರೆ ಸಾಕು.

ಅಂಚೆ ಕಚೇರಿಯಲ್ಲಿ ಟಪಾಲು ವಿಂಗಡಿಸುವ ಮರದ ಖಾನೆಗಳನ್ನು ನೋಡಿರುತ್ತೀರಿ. ಕಾನೂನಿನಲ್ಲೂ ಅಂಥ ಖಾನೆಗಳಿವೆ. ಇದು ಪತ್ರ, ಇದು ಪತ್ರಿಕೆ, ಇದು ಪುಸ್ತಕ, ಇದು ಪಾರ್ಸೆಲ್. ಒಂದೇ ತೂಕದ ಕಾಗದ ಒಂದು ಖಾನೆಯಲ್ಲಿ ಬಹಳ ಅಗ್ಗ, ಪಕ್ಕದ ಖಾನೆಯಲ್ಲಿ ಅದರ ಎಷ್ಟೋ ಪಟ್ಟು ದುಬಾರಿ. ಅಂಚೆ ದರ ಏರಿದಾಗ ಎಲ್ಲರೂ ಮಾತಾಡುತ್ತಾರೆ. ಆದರೆ ಸಣ್ಣ ಪ್ರಕಾಶಕರ ಹಣೆಬರಹ ಬರೆಯುವುದು ಹೆಚ್ಚಾಗಿ ದರವಲ್ಲ, ಈ ಖಾನೆ. ಅಗ್ಗದ ಖಾನೆಗೆ ಯಾರು ಬರಬಹುದು, ಯಾರು ಬರಬಾರದು ಅಂತ ಬರೆದಿರುವ ಆ ನಾಲ್ಕು ಸಾಲಿನ ವ್ಯಾಖ್ಯೆಯಲ್ಲೇ ರಾಜಕೀಯ ಕೂತಿರುತ್ತದೆ.

ದೊಡ್ಡ ಪ್ರಕಾಶಕರಿಗೆ ಲಾರಿ ಇದೆ, ವಿತರಕರಿದ್ದಾರೆ, ಅಂಗಡಿಗಳ ಸಾಲಿದೆ. ಮುನ್ನೂರು ಪ್ರತಿ ಅಚ್ಚು ಹಾಕುವವರಿಗೆ ಇರುವುದು ಮುನ್ನೂರು ವಿಳಾಸ ಮಾತ್ರ. ಆ ವಿಳಾಸಗಳು ಒಂದೇ ಊರಿನಲ್ಲೂ ಇರುವುದಿಲ್ಲ. ಯಾವುದೋ ಬೆಟ್ಟದ ತುದಿಯಲ್ಲಿ ಒಬ್ಬ ಓದುಗ, ಇನ್ನೆಲ್ಲೋ ಗಡಿಯಲ್ಲಿ ಇನ್ನೊಬ್ಬಳು. ಖಾಸಗಿ ಕೊರಿಯರ್‌ನವರು ಸಾಮಾನ್ಯವಾಗಿ ದೂರ ನೋಡಿ ದುಡ್ಡು ಕೇಳುತ್ತಾರೆ, ಲಾಭವಿಲ್ಲದ ಕಡೆ ಹೋಗುವುದೇ ಇಲ್ಲ. ಅಂಚೆ ಮಾತ್ರ ಎಲ್ಲ ಕಡೆಗೂ ಹೋಗಬೇಕು, ಹೆಚ್ಚುಕಡಿಮೆ ಒಂದೇ ದರದಲ್ಲಿ. ನಗರದ ಟಪಾಲಿನ ಲಾಭದಿಂದ ದೂರದ ಹಳ್ಳಿಯ ಟಪಾಲಿನ ನಷ್ಟ ತುಂಬುತ್ತದೆ. ಸಣ್ಣ ಪತ್ರಿಕೆಗಳು ಬದುಕಿರುವುದು ಈ ಹೊಂದಾಣಿಕೆಯ ಮೇಲೆ. ಅದನ್ನು ಯಾರಾದರೂ ಅಲುಗಾಡಿಸಿದರೆ ಮೊದಲು ಉರುಳುವುದೂ ಅವೇ.

ರಿಯಾಯಿತಿ ದರದ ಕಥೆ ಅಮೆರಿಕದಲ್ಲಿ ಬಹಳ ಹಳೆಯದು. 1792ರ ಅಂಚೆ ಕಾಯಿದೆಯಲ್ಲಿ ಒಂದು ವಾರ್ತಾಪತ್ರಿಕೆಯನ್ನು 100 ಮೈಲಿವರೆಗೆ ಒಯ್ಯಲು 1 ಸೆಂಟ್, ಅದರಾಚೆ ಎಲ್ಲಿಗಾದರೂ ಒಂದೂವರೆ ಸೆಂಟ್. ಅದೇ ಒಂದು ಹಾಳೆಯ ಪತ್ರಕ್ಕೆ ದೂರ ನೋಡಿಕೊಂಡು 6ರಿಂದ 25 ಸೆಂಟ್! ಅಂದರೆ ವ್ಯಾಪಾರಿಗಳು ಬರೆಯುವ ಪತ್ರದ ದುಡ್ಡಿನಿಂದ ಪತ್ರಿಕೆಗಳು ಊರೂರು ಸುತ್ತುತ್ತಿದ್ದವು. ಪತ್ರಿಕೆಯವರು ಒಬ್ಬರಿಗೊಬ್ಬರು ಒಂದೊಂದು ಪ್ರತಿ ಕಳಿಸಿಕೊಳ್ಳುವುದಂತೂ ಪೂರ್ತಿ ಪುಕ್ಕಟೆ. ಹೊಸ ದೇಶದ ಜನ ಸುದ್ದಿ ಓದಲಿ ಅನ್ನುವುದು ಒಂದು ಆಸೆ. ಪತ್ರಿಕೆಗಳು ತಮ್ಮ ಪರ ಬರೆಯಲಿ ಅನ್ನುವ ಆಸೆ ರಾಜಕಾರಣಿಗಳಿಗೆ ಇರಲಿಲ್ಲ ಅಂತಲೂ ಅಲ್ಲ.

ಆದರೆ ಖಾನೆಯ ಗೆರೆ ನೋಡಿ. ಈ ಸೌಲಭ್ಯ ವಾರ್ತಾಪತ್ರಿಕೆಗೆ ಮಾತ್ರ. ನಿಯತಕಾಲಿಕಗಳಿಗೆ 1794ರಲ್ಲಿ ಜಾಗ ಸಿಕ್ಕಿತು, ಅದೂ ಟಪಾಲು ಚೀಲದಲ್ಲಿ ಜಾಗ ಇದ್ದರೆ ಮಾತ್ರ. ಪುಸ್ತಕಗಳಿಗೆ ಬಾಗಿಲು ತೆರೆದಿದ್ದು 1851ರಲ್ಲಿ.

ಗೆರೆ ಎಳೆದ ಕಡೆ ಅದನ್ನು ದಾಟುವ ಉಪಾಯವೂ ಹುಟ್ಟುತ್ತದೆ. 1839ರ ಹೊತ್ತಿಗೆ 'ಬ್ರದರ್ ಜೊನಾಥನ್', 'ನ್ಯೂ ವರ್ಲ್ಡ್' ಎಂಬ ಪತ್ರಿಕೆಗಳು ಬಂದವು. ಹರಡಿದರೆ ಚಾದರದಷ್ಟು ಅಗಲದ ಹಾಳೆಗಳು. ಒಳಗೆ ಸುದ್ದಿಗಿಂತ ಜಾಸ್ತಿ ಇದ್ದದ್ದು ಕಾದಂಬರಿ. ಹೆಚ್ಚಿನವು ಬ್ರಿಟಿಷ್ ಲೇಖಕರದು, ಅವರನ್ನು ಕೇಳದೆಯೇ ಅಚ್ಚು ಹಾಕಿದ್ದು. ಪುಸ್ತಕವನ್ನು ಅಂಚೆಯಲ್ಲಿ ಕಳಿಸುವಂತಿಲ್ಲ, ಪತ್ರಿಕೆಯನ್ನು ಕಳಿಸಬಹುದು. ಹಾಗಾದರೆ ಪುಸ್ತಕಕ್ಕೇ ಪತ್ರಿಕೆಯ ಅಂಗಿ ತೊಡಿಸಿದರಾಯಿತು! ಆಮೇಲೆ ಇಡೀ ಕಾದಂಬರಿಗಳನ್ನೇ ಪತ್ರಿಕೆಯ ವಿಶೇಷ ಪುರವಣಿ ಅಂತ ಕಳಿಸತೊಡಗಿದರು. 1843ರಲ್ಲಿ ಅಂಚೆ ಇಲಾಖೆ ಇವು ಪತ್ರಿಕೆಯಲ್ಲ, ಕಿರುಹೊತ್ತಗೆ ಅಂತ ತೀರ್ಮಾನಿಸಿ ಹೆಚ್ಚಿನ ದರ ಹಾಕಿತು. ಅಲ್ಲಿಗೆ ಆ ಆಟ ಹೆಚ್ಚುಕಡಿಮೆ ಮುಗಿಯಿತು. ಅಗ್ಗದ ಕಾದಂಬರಿಯ ಒಂದು ಇಡೀ ಉದ್ಯಮ ಹುಟ್ಟಿದ್ದೂ ಮುಳುಗಿದ್ದೂ ಅಂಚೆಯ ಒಂದು ವ್ಯಾಖ್ಯೆಯಿಂದ.

1879ರಲ್ಲಿ ಅಮೆರಿಕ ಈ ವ್ಯಾಖ್ಯೆಯನ್ನು ಬಿಗಿಯಾಗಿ ಬರೆಯಿತು. ಅಗ್ಗದ 'ಎರಡನೇ ದರ್ಜೆ' ಬೇಕಾದರೆ ಪತ್ರಿಕೆ ಹೇಳಿದ ಅವಧಿಗೆ ಸರಿಯಾಗಿ, ವರ್ಷಕ್ಕೆ ನಾಲ್ಕು ಸಲವಾದರೂ ಬರಬೇಕು. ಸಂಚಿಕೆಗೆ ಕ್ರಮಸಂಖ್ಯೆ, ಗೊತ್ತಾದ ಕಚೇರಿ, ನಿಜವಾದ ಚಂದಾದಾರರ ಪಟ್ಟಿ ಇರಬೇಕು. ಗಟ್ಟಿ ರಟ್ಟು ಕಟ್ಟಿರಬಾರದು. ಸುಮ್ನೆ ಹಂಚಲು ಅಥವಾ ಹೆಸರಿಗಷ್ಟೇ ಬೆಲೆ ಇಟ್ಟು ಕೊಡಲು ಅಚ್ಚು ಹಾಕಿದ್ದಾಗಿರಬಾರದು. ಜಾಹೀರಾತಿನ ಕರಪತ್ರಗಳು ಪತ್ರಿಕೆಯ ವೇಷ ಹಾಕಿ ನುಸುಳದಿರಲಿ ಅನ್ನುವುದು ಉದ್ದೇಶ. ಒಪ್ಪುವ ಮಾತೇ. ಆದರೆ ಈ ಷರತ್ತುಗಳನ್ನು ಸಣ್ಣ ಪತ್ರಿಕೆ ನಡೆಸಿದವರ ಕಣ್ಣಿನಿಂದ ಇನ್ನೊಮ್ಮೆ ಓದಿ. ದುಡ್ಡು ಕೂಡಿದಾಗ ಒಂದು ಸಂಚಿಕೆ, ಇಲ್ಲದಾಗ ಇಲ್ಲ. ಕಚೇರಿ ಅಂದರೆ ಅಡುಗೆಮನೆಯ ಮೇಜು. ಚಂದಾ ಕೊಡುವವರಿಗಿಂತ ಪುಕ್ಕಟೆ ಓದುವವರೇ ಜಾಸ್ತಿ. ಜೆರಾಕ್ಸ್ ಮಾಡಿ, ಪಿನ್ ಹೊಡೆದು ಗೆಳೆಯರಿಗೆ ಹಂಚುವ 'ಝೀನ್'ಗಳಂತೂ ಇದರ ಹತ್ತಿರವೂ ಸುಳಿಯಲಾರವು.

ಸರಣಿ ಪುಸ್ತಕಗಳಿಗೂ ಇದೇ ಗತಿ. ಕಾದಂಬರಿಗಳಿಗೆ ಸಂಚಿಕೆ ಸಂಖ್ಯೆ ಹಾಕಿ ನಿಯತಕಾಲಿಕ ಅಂತ ಕಳಿಸುವ ಪದ್ಧತಿ ಬಹಳ ವರ್ಷ ನಡೆಯಿತು. 1904ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೂಟನ್ ಎಂಬ ಪ್ರಕಾಶಕರ ಪ್ರಕರಣದಲ್ಲಿ ಇವು ಪುಸ್ತಕಗಳೇ ಅಂತ ತೀರ್ಪು ಕೊಟ್ಟಿತು.

ಖಾನೆ ಆಯುಧವಾದಾಗ

ಸೆನ್ಸಾರ್ ಅಂದಾಕ್ಷಣ ನಮಗೆ ನೆನಪಾಗುವುದು ಪೊಲೀಸರು, ಮುಟ್ಟುಗೋಲು. ಅಂಚೆಯ ಸೆನ್ಸಾರಿಗೆ ಅದೆಲ್ಲ ಬೇಕಿಲ್ಲ.

1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಎಸ್ಪಿಯೊನೇಜ್ (ಬೇಹುಗಾರಿಕೆ) ಕಾಯಿದೆ ಬಂತು. ಯುದ್ಧಕ್ಕೆ ಅಡ್ಡಿಯಾಗುವ ಬರಹವನ್ನು ಅಂಚೆಯಲ್ಲಿ ಒಯ್ಯಬಾರದು ಅನ್ನುವ ಅಧಿಕಾರ ಪೋಸ್ಟ್‌ಮಾಸ್ಟರ್ ಜನರಲ್ ಆಲ್ಬರ್ಟ್ ಬರ್ಲಸನ್ ಕೈಗೆ ಸಿಕ್ಕಿತು. ನ್ಯೂಯಾರ್ಕ್‌ನ ಎಡಪಂಥೀಯ ಪತ್ರಿಕೆ 'ದಿ ಮ್ಯಾಸಸ್'ನ ಆಗಸ್ಟ್ ಸಂಚಿಕೆಯನ್ನು ಅಂಚೆ ತಡೆಯಿತು. ಪತ್ರಿಕೆಯವರು ಕೋರ್ಟಿಗೆ ಹೋದರು. ನ್ಯಾಯಾಧೀಶ ಲರ್ನೆಡ್ ಹ್ಯಾಂಡ್ ಅವರ ಪರ ಆದೇಶ ಕೊಟ್ಟರೂ ಮೇಲಿನ ಕೋರ್ಟಿನಲ್ಲಿ ಅದು ನಿಲ್ಲಲಿಲ್ಲ. ಅಷ್ಟು ಹೊತ್ತಿಗೆ ಅಂಚೆ ಇಲಾಖೆ ಇನ್ನೊಂದು ದಾಳ ಉರುಳಿಸಿತ್ತು. ಆಗಸ್ಟ್ ಸಂಚಿಕೆ ಅಂಚೆಯಲ್ಲಿ ಹೋಗಿಲ್ಲ, ಅಂದರೆ ಪತ್ರಿಕೆ ಕ್ರಮವಾಗಿ ಬರುತ್ತಿಲ್ಲ, ಆದ್ದರಿಂದ ಎರಡನೇ ದರ್ಜೆಯ ದರ ಸಿಗುವುದಿಲ್ಲ! ಆ ಸಂಚಿಕೆ ಹೋಗದಂತೆ ತಡೆದವರು ಯಾರು? ಅದೇ ಅಂಚೆ ಇಲಾಖೆ. ವರ್ಷ ಮುಗಿಯುವುದರೊಳಗೆ ಪತ್ರಿಕೆ ನಿಂತಿತು.

ಕ್ರಮವಾಗಿ ಬರಬೇಕು ಅನ್ನುವುದು ಎಷ್ಟು ನಿರುಪದ್ರವಿ ಷರತ್ತು, ಅಲ್ವಾ? ನನಗೆ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಕಾಡುವ ಘಟನೆ ಇದೇ.

'ಮಿಲ್ವಾಕಿ ಲೀಡರ್' ಎಂಬ ಸಮಾಜವಾದಿ ದಿನಪತ್ರಿಕೆಯ ದರ್ಜೆಯನ್ನೂ ಬರ್ಲಸನ್ ಕಿತ್ತುಕೊಂಡ. 1921ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸರಿ ಅಂದಿತು. ನ್ಯಾಯಮೂರ್ತಿಗಳಾದ ಹೋಮ್ಸ್ ಮತ್ತು ಬ್ರಾಂಡೈಸ್ ಒಪ್ಪಲಿಲ್ಲ. ಸರ್ಕಾರ ಬೇಕಿದ್ದರೆ ಅಂಚೆಯನ್ನೇ ಮುಚ್ಚಲಿ, ಆದರೆ ನಡೆಸುತ್ತಿರುವಷ್ಟು ಕಾಲ ಅಂಚೆಯ ಬಳಕೆ ಹೆಚ್ಚುಕಡಿಮೆ ನಾಲಿಗೆಯ ಬಳಕೆಯಷ್ಟೇ ವಾಕ್ ಸ್ವಾತಂತ್ರ್ಯದ ಭಾಗ ಅನ್ನುವ ಅರ್ಥದಲ್ಲಿ ಹೋಮ್ಸ್ ಬರೆದರು. ಆ ವಾದಕ್ಕೆ ಬಲ ಬರಲು ಕಾಲು ಶತಮಾನ ಬೇಕಾಯಿತು. 1943ರಲ್ಲಿ 'ಎಸ್ಕ್ವೈರ್' ಪತ್ರಿಕೆ ಸಭ್ಯವಾಗಿಲ್ಲ, ಜನರಿಗೆ ಪ್ರಯೋಜನವಿಲ್ಲ ಅಂತ ಅದರ ದರ್ಜೆಯನ್ನು ರದ್ದು ಮಾಡಿದರು. ಆ ಪತ್ರಿಕೆಗೆ ವರ್ಷಕ್ಕೆ ಸುಮಾರು 5 ಲಕ್ಷ ಡಾಲರ್ ಹೊರೆ. ದುಡ್ಡಿದ್ದ ಪತ್ರಿಕೆ, ಹೋರಾಡಿತು. ಯಾವ ಬರಹ ಒಳ್ಳೆಯದು, ಯಾವುದು ಕೆಟ್ಟದ್ದು ಅಂತ ತೂಗಿ ದರ ಹಾಕುವ ಅಧಿಕಾರ ಪೋಸ್ಟ್‌ಮಾಸ್ಟರ್‌ಗೆ ಇಲ್ಲ ಅಂತ 1946ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು.

ಹಾಗಂತ ಸಣ್ಣವರ ಕಷ್ಟ ಮುಗಿಯಲಿಲ್ಲ. ಲಾಸ್ ಏಂಜಲೀಸ್‌ನ ಸಲಿಂಗಿಗಳ ಪುಟ್ಟ ಪತ್ರಿಕೆ 'ಒನ್' ತನ್ನ 1954ರ ಅಕ್ಟೋಬರ್ ಸಂಚಿಕೆಯನ್ನು ಅಂಚೆಗೆ ಹಾಕಿದಾಗ ಅಶ್ಲೀಲ ಅಂತ ತಡೆದರು. ಕೆಳಗಿನ ಎರಡು ಕೋರ್ಟುಗಳಲ್ಲಿ ಸೋಲು. 1958ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ವಾದವನ್ನೂ ಕೇಳದೆ, ಚುಟುಕು ಆದೇಶದಲ್ಲಿ ಪತ್ರಿಕೆಯ ಪರ ತೀರ್ಪು ಕೊಟ್ಟಿತು. ಗೆದ್ದರು, ಸರಿ. ಆದರೆ ಒಂದು ಸಂಚಿಕೆಗಾಗಿ ಮೂರು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು.

ಬ್ರಿಟನ್ ಹಿಡಿದ ದಾರಿ ಬೇರೆ. ಅಲ್ಲಿ 1712ರಿಂದ ವಾರ್ತಾಪತ್ರಿಕೆಗೆ ಮುದ್ರಾಂಕ ತೆರಿಗೆ ಇತ್ತು. 1815ರ ಹೊತ್ತಿಗೆ ಪ್ರತಿಗೆ 4 ಪೆನ್ಸ್. ತೆರಿಗೆ ಕಟ್ಟಿದ ಪತ್ರಿಕೆಗೆ ಅಂಚೆ ಪುಕ್ಕಟೆ, ಕಟ್ಟದಿದ್ದರೆ ಅಂಚೆಯೂ ಇಲ್ಲ, ಕಾನೂನೂ ಇಲ್ಲ. ಕೂಲಿಕಾರರಿಗೆ ಕೊಳ್ಳಲಾಗದ ಬೆಲೆಗೆ ಪತ್ರಿಕೆಯನ್ನು ಏರಿಸಿ ಇಡುವ ಜಾಣತನ. 1831ರಲ್ಲಿ ಹೆನ್ರಿ ಹೆದರಿಂಗ್ಟನ್ 'ಪೂರ್ ಮ್ಯಾನ್ಸ್ ಗಾರ್ಡಿಯನ್' ಪತ್ರಿಕೆಯನ್ನು ತೆರಿಗೆ ಕಟ್ಟದೆಯೇ 1 ಪೆನ್ನಿಗೆ ತಂದ. ಮುದ್ರಾಂಕ ಇರಬೇಕಾದ ಜಾಗದಲ್ಲಿ ಅಚ್ಚುಯಂತ್ರದ ಚಿತ್ರ ಹಾಕಿ, ಅರಿವೇ ಬಲ ಅಂತ ಬರೆಸಿದ. ಅಂಚೆ ಇಲ್ಲದ್ದರಿಂದ ಕೈಯಿಂದ ಕೈಗೆ ಹಂಚಬೇಕಾಯಿತು, ಮಾರಿದ ನೂರಾರು ಜನ ಜೈಲಿಗೆ ಹೋದರು. 1836ರಲ್ಲಿ ತೆರಿಗೆ 1 ಪೆನ್ನಿಗೆ ಇಳಿಯಿತು, 1855ರಲ್ಲಿ ಹೋಯಿತು.

ದ್ವೇಷವಿಲ್ಲದೆಯೂ ಏಟು ಬೀಳುತ್ತದೆ

ಈಗಿನ ಕಾಲದ ತೊಂದರೆಯಲ್ಲಿ ಬರ್ಲಸನ್‌ನಂಥ ಖಳನಾಯಕ ಇರುವುದಿಲ್ಲ. ಲೆಕ್ಕಪತ್ರ ಇರುತ್ತದೆ.

1970ರ ಕಾಯಿದೆಯಿಂದ ಅಮೆರಿಕದ ಅಂಚೆ ಸರ್ಕಾರಿ ಇಲಾಖೆಯಾಗಿ ಉಳಿಯದೆ, ತನ್ನ ಖರ್ಚನ್ನು ತಾನೇ ದುಡಿಯಬೇಕಾದ ಸಂಸ್ಥೆಯಾಯಿತು. ಆಗಿನಿಂದ ಪ್ರಶ್ನೆಯೇ ಬದಲಾಯಿತು. ಓದುವುದನ್ನು ಬೆಳೆಸಬೇಕೇ ಅನ್ನುವ ಬದಲು, ಈ ಕಾಗದವನ್ನು ತಲುಪಿಸಲು ತಗಲುವ ವೆಚ್ಚ ಎಷ್ಟು ಅಂತ ಕೇಳತೊಡಗಿದರು. 2007ರಲ್ಲಿ ಬಂದ ಪತ್ರಿಕೆಗಳ ದರ ಇದರ ಒಳ್ಳೆಯ ಉದಾಹರಣೆ. ದೈತ್ಯ ಸಂಸ್ಥೆ ಟೈಮ್ ವಾರ್ನರ್ ಸೂಚಿಸಿದ್ದ ಲೆಕ್ಕದ ದಾರಿಯಲ್ಲೇ ಅದು ರೂಪುಗೊಂಡಿತ್ತು. ಲಕ್ಷಗಟ್ಟಲೆ ಪ್ರತಿಗಳನ್ನು ಪಿನ್ ಕೋಡ್ ಪ್ರಕಾರ ಜೋಡಿಸಿ, ಹಲಗೆಗಳ ಮೇಲೆ ಪೇರಿಸಿ, ಓದುಗನ ಊರಿನ ಹತ್ತಿರದ ಕೇಂದ್ರಕ್ಕೇ ತಂದುಕೊಟ್ಟರೆ ಕಡಿಮೆ ದರ. ಚೀಲದಲ್ಲಿ ತುಂಬಿ ಒಂದೇ ಕಡೆ ಕೊಟ್ಟರೆ ಜಾಸ್ತಿ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಹಲಗೆ ತುಂಬುವಷ್ಟು ಪ್ರತಿಗಳೇ ಇಲ್ಲದವರು ಏನು ಮಾಡಬೇಕು? ಎಡಪಂಥೀಯ 'ದಿ ನೇಷನ್' ಮತ್ತು ಬಲಪಂಥೀಯ 'ನ್ಯಾಷನಲ್ ರಿವ್ಯೂ' ಬೇರೆ ಯಾವ ವಿಷಯದಲ್ಲೂ ಒಂದೇ ಮಾತು ಆಡುವುದಿಲ್ಲ. ಇದರ ವಿರುದ್ಧ ಮಾತ್ರ ಒಟ್ಟಿಗೆ ನಿಂತವು.

ಅದಕ್ಕೆ ಸ್ವಲ್ಪ ಮೊದಲು, 2006ರ ಕಾಯಿದೆಯಲ್ಲಿ ಸಂಸತ್ತು ಅಂಚೆಯ ಹೆಗಲಿಗೆ ಇನ್ನೊಂದು ಮೂಟೆ ಇಟ್ಟಿತ್ತು. ಮುಂದೆ ನಿವೃತ್ತರಾಗುವ ನೌಕರರ ಆರೋಗ್ಯ ವಿಮೆಗೆ ಈಗಿನಿಂದಲೇ ದುಡ್ಡು ತೆಗೆದಿಡಬೇಕು, ವರ್ಷಕ್ಕೆ ಸುಮಾರು 550 ಕೋಟಿ ಡಾಲರ್. ಅಂಚೆಯ ಪುಸ್ತಕದಲ್ಲಿ ವರ್ಷವರ್ಷವೂ ನಷ್ಟ ಕಾಣತೊಡಗಿತು. ನಷ್ಟವಾಗುತ್ತಿದೆ ಎಂದಮೇಲೆ ಕಚೇರಿ ಕಡಿಮೆ ಮಾಡಿ, ದರ ಏರಿಸಿ ಅನ್ನುವ ಮಾತು ತಾನಾಗಿ ಬರುತ್ತದೆ. ಈ ನಿಯಮ ಹೋಗಿದ್ದು 2022ರಲ್ಲಿ. ನಡುವೆ 2020ರಲ್ಲಿ ಲೂಯಿಸ್ ಡಿಜಾಯ್ ಪೋಸ್ಟ್‌ಮಾಸ್ಟರ್ ಜನರಲ್ ಆಗಿ ಬಂದು ಖರ್ಚು ಕತ್ತರಿಸಿದಾಗ ಟಪಾಲು ತಡವಾಯಿತು. ಆಗ ಗದ್ದಲವೆಲ್ಲ ಅಂಚೆ ಮತಪತ್ರಗಳ ಸುತ್ತ ನಡೆಯಿತು. ವಾರಪತ್ರಿಕೆ ಹಳಸಿ ತಲುಪಿದರೆ ಚಂದಾ ನವೀಕರಿಸುವವರು ಕಡಿಮೆಯಾಗುತ್ತಾರೆ ಅನ್ನುವುದು ಅಷ್ಟಾಗಿ ಸುದ್ದಿಯಾಗಲಿಲ್ಲ.

ಕೆನಡಾದಲ್ಲಿ ಆದದ್ದು ಇನ್ನೂ ಸ್ವಾರಸ್ಯ. ಅಲ್ಲಿ ಪತ್ರಿಕೆಗಳ ಅಂಚೆ ವೆಚ್ಚಕ್ಕೆ ಸರ್ಕಾರದ ನೆರವಿತ್ತು. 2010ರಲ್ಲಿ ಅದನ್ನು ತೆಗೆದು ಹೊಸ ನಿಧಿ ತಂದರು. ನೆರವು ಬೇಕಾದರೆ ವರ್ಷಕ್ಕೆ 5,000 ಪ್ರತಿ ಮಾರಾಟವಾಗಿರಬೇಕು ಅಂತ ಷರತ್ತು. ಅನೇಕ ಸಾಹಿತ್ಯ ಪತ್ರಿಕೆಗಳು ಆ ಗೆರೆಯ ಕೆಳಗೇ ಇದ್ದವು. ನೆರವು ನಿಜವಾಗಿ ಬೇಕಾದವರನ್ನೇ ಹೊರಗಿಡುವ ನೆರವು.

ಭಾರತದ ಕಾನೂನಿನಲ್ಲೂ ಇದೇ ಗೆರೆಗಳಿವೆ. 2024ರವರೆಗೆ ಜಾರಿಯಲ್ಲಿದ್ದ 1898ರ ಅಂಚೆ ಕಾಯಿದೆಯ ಪ್ರಕಾರ ವಾರ್ತಾಪತ್ರಿಕೆ ಅನ್ನಿಸಿಕೊಳ್ಳಲು ಎರಡು ಸಂಚಿಕೆಗಳ ನಡುವೆ 31 ದಿನಕ್ಕಿಂತ ಹೆಚ್ಚು ಅಂತರ ಇರಬಾರದಿತ್ತು, ನಿಜವಾದ ಚಂದಾದಾರರ ಪಟ್ಟಿ ಇರಬೇಕಿತ್ತು. ಮಾಸಪತ್ರಿಕೆ ಒಳಗೆ, ತ್ರೈಮಾಸಿಕ ಹೊರಗೆ. ಸಾಹಿತ್ಯದ ಸಣ್ಣ ಪತ್ರಿಕೆಗಳು ಬಹುಪಾಲು ಯಾವ ಅವಧಿಯವು ಅಂತ ಓದುಗರಿಗೆ ಗೊತ್ತೇ ಇದೆ. 2023ರ ಹೊಸ ಅಂಚೆ ಕಾಯಿದೆ 2024ರ ಜೂನ್‌ನಲ್ಲಿ ಜಾರಿಗೆ ಬಂತು. ಅದೇ ಡಿಸೆಂಬರ್‌ನಲ್ಲಿ ಪುಸ್ತಕಗಳಿಗಿದ್ದ ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಂತುಹೋಯಿತು. ಪ್ರಕಾಶಕರು ದೂರಿದರು. 2025ರ ಮೇ ತಿಂಗಳಲ್ಲಿ 'ಜ್ಞಾನ ಪೋಸ್ಟ್' ಎಂಬ ಹೊಸ ಖಾನೆ ತೆರೆಯಿತು. ಪುಸ್ತಕಗಳಿಗೆ ಅದು ಒಳ್ಳೆಯದೇ. ಆದರೆ ನಿಯತಕಾಲಿಕಗಳಿಗೆ ಅಲ್ಲಿ ಪ್ರವೇಶವಿಲ್ಲ, ಜಾಹೀರಾತು ಇರುವ ಪ್ರಕಟಣೆಗಳಿಗೂ ಇಲ್ಲ. ಅಂದರೆ ತ್ರೈಮಾಸಿಕವೊಂದು 1898ರ ವ್ಯಾಖ್ಯೆಯಲ್ಲಿ ಪತ್ರಿಕೆಯಾಗಲು ತಡವಾಯಿತು, 2025ರ ವ್ಯಾಖ್ಯೆಯಲ್ಲಿ ಪುಸ್ತಕವಾಗಲು ಬೇಗವಾಯಿತು.

ಅಮೆರಿಕದ ಅಗ್ಗದ ಪುಸ್ತಕ ದರಕ್ಕೂ ಇಂಥದೇ ಷರತ್ತಿದೆ. 1938ರಲ್ಲಿ ರೂಸ್‌ವೆಲ್ಟ್ ಕಾಲದಲ್ಲಿ ಶುರುವಾಗಿ ಈಗ 'ಮೀಡಿಯಾ ಮೇಲ್' ಅನ್ನಿಸಿಕೊಂಡಿರುವ ಈ ದರ ಸಿಗಬೇಕಾದರೆ ಪುಸ್ತಕಕ್ಕೆ ಕನಿಷ್ಠ 8 ಪುಟ ಇರಬೇಕು, ಒಳಗೆ ಜಾಹೀರಾತು ಇರಬಾರದು. ಜಾಹೀರಾತು ಇರುವ ಕಾಮಿಕ್ಸ್ ಇದರಿಂದಲೇ ಹೊರಗೆ ಉಳಿಯುತ್ತವೆ. ಒಂದೇ ಹಾಳೆಯನ್ನು ಮಡಚಿ, ನಡುವೆ ಒಂದು ಸೀಳು ಕೊಟ್ಟು ಮಾಡುವ ಪುಟ್ಟ ಝೀನ್‌ಗೂ ಸರಿಯಾಗಿ 8 ಪುಟ ಅನ್ನುವುದು ಮಾತ್ರ ಕಾಕತಾಳೀಯ.

ಗಡಿಯಾಚೆ

ಹೊರದೇಶಕ್ಕೆ ಕಳಿಸುವಾಗ ಇನ್ನೊಂದು ಪದರ ಸೇರುತ್ತದೆ. 1874ರಲ್ಲಿ ಬರ್ನ್ ನಗರದಲ್ಲಿ ಹುಟ್ಟಿದ ಈಗಿನ ಸಾರ್ವತ್ರಿಕ ಅಂಚೆ ಒಕ್ಕೂಟದ ಒಪ್ಪಂದದಿಂದಲೇ ಒಂದು ದೇಶದ ಅಂಚೆಚೀಟಿ ಇನ್ನೊಂದು ದೇಶದ ಮನೆಬಾಗಿಲವರೆಗೆ ಸಾಗುತ್ತದೆ. ತಲುಪಿಸುವ ದೇಶಕ್ಕೆ ಕಳಿಸಿದ ದೇಶ ಎಷ್ಟು ಕೊಡಬೇಕು ಅನ್ನುವುದು ಅಲ್ಲಿನ ಹಳೆಯ ಜಗಳ. 2019ರಲ್ಲಿ ಅಮೆರಿಕ ಒಕ್ಕೂಟವನ್ನೇ ಬಿಡುತ್ತೇನೆ ಅಂತ ಪಟ್ಟು ಹಿಡಿಯಿತು. ಸಿಟ್ಟು ಇದ್ದದ್ದು ಚೀನಾದಿಂದ ಅಗ್ಗದಲ್ಲಿ ಬರುವ ಸಣ್ಣ ಸರಕಿನ ಪೊಟ್ಟಣಗಳ ಮೇಲೆ. ಜಿನೀವಾದಲ್ಲಿ ರಾಜಿಯಾಯಿತು, ಒಳಬರುವ ಪೊಟ್ಟಣಗಳಿಗೆ ತನ್ನದೇ ದರ ಹೇಳುವ ಹಕ್ಕು ಅಮೆರಿಕಕ್ಕೆ ಸಿಕ್ಕಿತು.

2025ರ ಆಗಸ್ಟ್ 29ರಂದು ಅಮೆರಿಕ ಕಡಿಮೆ ಬೆಲೆಯ ಪಾರ್ಸೆಲ್‌ಗಳಿಗಿದ್ದ ಸುಂಕದ ವಿನಾಯಿತಿಯನ್ನು ತೆಗೆಯಿತು. ಸುಂಕ ಯಾರು ವಸೂಲಿ ಮಾಡಬೇಕು, ಹೇಗೆ ಕಟ್ಟಬೇಕು ಅನ್ನುವುದೇ ಸ್ಪಷ್ಟವಿಲ್ಲದೆ ಹತ್ತಾರು ದೇಶಗಳ ಅಂಚೆ ಇಲಾಖೆಗಳು ಪಾರ್ಸೆಲ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದವು. ಆ ಒಂದು ದಿನ ಅಮೆರಿಕಕ್ಕೆ ಹೋಗುವ ಅಂಚೆ ಹಿಂದಿನ ವಾರಕ್ಕೆ ಹೋಲಿಸಿದರೆ 81% ಇಳಿಯಿತು ಅಂತ ಒಕ್ಕೂಟವೇ ಹೇಳಿತು. ಪುಸ್ತಕ, ಪತ್ರಿಕೆಗಳು 'ಮಾಹಿತಿ ಸಾಮಗ್ರಿ' ಅನ್ನುವ ಲೆಕ್ಕದಲ್ಲಿ ಆ ಹೊಸ ಸುಂಕಗಳಿಂದ ಹೊರಗಿದ್ದವು. ಕಾಗದದ ಮೇಲೆ ಪುಸ್ತಕಕ್ಕೆ ಏನೂ ತೊಂದರೆ ಇಲ್ಲ. ಆದರೆ ಅದು ಹೋಗಬೇಕಾದ ಚೀಲವೇ ಹೊರಡದಿದ್ದರೆ ವಿನಾಯಿತಿಯಿಂದ ಏನು ಬಂತು?

ಇದೆಲ್ಲ ನೋಡಿದ ಮೇಲೆ ಸಣ್ಣ ಪ್ರಕಾಶಕರು ಅಚ್ಚಿಗೆ ಮೊದಲು ಡಮ್ಮಿ ಪ್ರತಿಯನ್ನು ತಕ್ಕಡಿಗೆ ಯಾಕೆ ಹಾಕುತ್ತಾರೆ ಅಂತ ಅರ್ಥವಾಗುತ್ತದೆ. 2006ರಲ್ಲಿ ಬ್ರಿಟನ್‌ನ ರಾಯಲ್ ಮೇಲ್ ತೂಕದ ಜೊತೆಗೆ ಅಳತೆಯನ್ನೂ ನೋಡಿ ದರ ಹಾಕತೊಡಗಿತು. ದಪ್ಪ 25 ಮಿಲಿಮೀಟರ್ ದಾಟಿದರೆ ಅದು 'ದೊಡ್ಡ ಪತ್ರ'ವಲ್ಲ, ಪಾರ್ಸೆಲ್. ದೊಡ್ಡ ಪತ್ರದ ಮೊದಲ ಮೆಟ್ಟಿಲು 100 ಗ್ರಾಂ. ಎ5 ಅಳತೆಯ 64 ಪುಟದ ಒಂದು ಕವನ ಸಂಕಲನ ಅಂದುಕೊಳ್ಳಿ. ಒಳಪುಟಕ್ಕೆ 80 ಜಿಎಸ್‌ಎಂ (ಅಂದರೆ ಚದರ ಮೀಟರಿಗೆ 80 ಗ್ರಾಂ ತೂಗುವ) ಕಾಗದ ಹಾಕಿದರೆ ಅದೇ ಸುಮಾರು 80 ಗ್ರಾಂ. 250 ಜಿಎಸ್‌ಎಂ ಹೊದಿಕೆ 15 ಗ್ರಾಂ ಚಿಲ್ಲರೆ. ಲಕೋಟೆ 10 ಗ್ರಾಂ. ಒಟ್ಟು 105, ಮೆಟ್ಟಿಲು ದಾಟಿತು. ಒಳಪುಟವನ್ನು 70 ಜಿಎಸ್‌ಎಂಗೆ ಇಳಿಸಿದರೆ 95 ಗ್ರಾಂ. ಹಿಂದಿನ ಪುಟದ ಅಕ್ಷರ ಸ್ವಲ್ಪ ಈಚೆಗೆ ಕಾಣುತ್ತದೆ, ಅಷ್ಟೆ. ಅಥವಾ ಕಾಗದ ಹಾಗೇ ಇಟ್ಟು ಎರಡು ಕವಿತೆ ಕೈಬಿಡಬಹುದು ಅಂದುಕೊಂಡರೆ ಅದೂ ಸಾಲದು. ಎರಡು ಹಾಳೆಗೆ 5 ಗ್ರಾಂ ಇಳಿದು ತಕ್ಕಡಿಯ ಮುಳ್ಳು 100ರ ಗೆರೆಯ ಮೇಲೆಯೇ ಕೂತಿರುತ್ತದೆ, ಒಂದು ಅಂಟುಚೀಟಿ ಸೇರಿದರೂ ಆಚೆಗೆ ವಾಲುತ್ತದೆ.